ಒಬ್ಬ ಹುಡುಗನ ಅಧ್ಯಯನ, ಎಲ್ಲರಿಗೂ ಅನ್ವಯಿಸುವ ನಿಯಮ: ಕೇಸ್ ಸ್ಟಡಿ ಮಾಡುವವರಿಗೆ

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವಳು, ಬಿ.ಎಡ್. ಓದುತ್ತಿದ್ದೇನೆ. ಬೋಧನಾಭ್ಯಾಸಕ್ಕೆ ಹೋಗುವ ಕನ್ನಡ ಮಾಧ್ಯಮ ಶಾಲೆಯಲ್ಲಿ ಎಂಟನೇ ತರಗತಿಯ ಒಬ್ಬ ಹುಡುಗನ ಬಗ್ಗೆ ಕೇಸ್ ಸ್ಟಡಿ ಮಾಡಬೇಕು. ಅವನಿಗೆ ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಪಾಠಕ್ಕೆ ಮಾತ್ರ ಕನ್ನಡ. ಮಾತಿನಲ್ಲಿ ಚುರುಕು, ಆದರೆ ಓದುವಾಗ ಒತ್ತಕ್ಷರ ಬಂದ ಕೂಡಲೇ ನಿಂತುಬಿಡುತ್ತಾನೆ. "ಒಬ್ಬನನ್ನು ನೋಡಿ ಬರೆದದ್ದು ವಿಜ್ಞಾನವಲ್ಲ, ಕನಿಷ್ಠ 30 ಮಕ್ಕಳು ಬೇಕು" ಎಂದು ಒಬ್ಬ ಅಧ್ಯಾಪಕರು ಹೇಳುತ್ತಾರೆ. "ಪ್ರತಿ ಮಗುವೂ ಬೇರೆ, ಸರಾಸರಿಯಿಂದ ಏನೂ ತಿಳಿಯದು" ಎಂದು ಇನ್ನೊಬ್ಬರು. ಯಾರ ಮಾತು ಸರಿ? ಎರಡು ತಿಂಗಳಲ್ಲಿ ನಾನು ಏನು ಮಾಡಬಹುದು?

ಉತ್ತರ: ನಿಮ್ಮ ಅಧ್ಯಾಪಕರಿಬ್ಬರ ಮಾತಿನ ಹಿಂದೆ ನೂರು ವರ್ಷಕ್ಕೂ ಹಳೆಯ ಚರ್ಚೆಯಿದೆ. 1894ರಲ್ಲಿ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದ ಭಾಷಣವೊಂದರಲ್ಲಿ ಜರ್ಮನ್ ತತ್ತ್ವಜ್ಞಾನಿ ವಿಲ್ಹೆಲ್ಮ್ ವಿಂಡೆಲ್‌ಬಾಂಡ್ ಅರಿವಿನ ಎರಡು ದಾರಿಗಳನ್ನು ಬೇರೆ ಮಾಡಿ ತೋರಿಸಿದರು. ಎಲ್ಲೆಡೆ ಅನ್ವಯಿಸುವ ನಿಯಮ ಹುಡುಕುವುದು ನೋಮೋಥೆಟಿಕ್ ದಾರಿ. ಒಮ್ಮೆ ಮಾತ್ರ ಘಟಿಸಿದ್ದನ್ನು ಅದರದೇ ವಿವರಗಳಲ್ಲಿ ಅರಿಯುವುದು ಇಡಿಯೋಗ್ರಾಫಿಕ್ ದಾರಿ. ಒಂದೇ ವಿಷಯವನ್ನು ಎರಡೂ ದಾರಿಗಳಲ್ಲಿ ಅಭ್ಯಾಸ ಮಾಡಬಹುದೆಂದು ವಿಂಡೆಲ್‌ಬಾಂಡ್ ಅವರೇ ಒಪ್ಪಿದ್ದರು. 1937ರಲ್ಲಿ ಅಮೆರಿಕದ ಗೋರ್ಡನ್ ಆಲ್‌ಪೋರ್ಟ್ ಈ ವಿಂಗಡಣೆಯನ್ನು ವ್ಯಕ್ತಿತ್ವದ ಮನೋವಿಜ್ಞಾನಕ್ಕೆ ತಂದರು. ಆಮೇಲೆ ಅದು ಎರಡು ಬಣಗಳ ಜಗಳವಾಯಿತು, ಪರೀಕ್ಷೆಯಲ್ಲಿ ಗುಣದೋಷ ಬರೆಯುವ ಪ್ರಶ್ನೆಯಾಯಿತು. ಬಣ ಕಟ್ಟಿಕೊಳ್ಳುವುದರಿಂದ ನಿಮ್ಮ ಹುಡುಗನಿಗೆ ಏನೂ ಸಿಗುವುದಿಲ್ಲ. ಅವನ ವಿಷಯದಲ್ಲಿ ನೀವು ಯಾವ ಪ್ರಶ್ನೆ ಕೇಳುತ್ತಿದ್ದೀರಿ, ಆ ಪ್ರಶ್ನೆಗೆ ಯಾವ ಬಗೆಯ ಸಾಕ್ಷ್ಯ ಬೇಕು ಎಂಬಲ್ಲಿಂದ ಹೊರಡಿ.

ಮೊದಲು 30ರ ಲೆಕ್ಕ. "ಗಡಿನಾಡಿನ ಕನ್ನಡ ಮಾಧ್ಯಮ ಮಕ್ಕಳಲ್ಲಿ ಎಷ್ಟು ಮಂದಿಗೆ ಒತ್ತಕ್ಷರ ಕಷ್ಟ?" ಎಂಬುದು ನಿಮ್ಮ ಪ್ರಶ್ನೆಯಾಗಿದ್ದರೆ ಒಬ್ಬ ಹುಡುಗ ಸಾಲುವುದಿಲ್ಲ, 30 ಮಕ್ಕಳೂ ಸಾಲುವುದಿಲ್ಲ. ಕುಂಬಳೆ, ಮಂಜೇಶ್ವರ, ಪೆರ್ಲ, ಮುಳ್ಳೇರಿಯ ಎಂದು ಶಾಲೆಗಳನ್ನು ಯಾದೃಚ್ಛಿಕವಾಗಿ ಆರಿಸಿ ನೂರಾರು ಮಕ್ಕಳನ್ನು ನೋಡಬೇಕಾಗುತ್ತದೆ. "ಈ ಹುಡುಗ ಯಾಕೆ ನಿಲ್ಲುತ್ತಾನೆ, ಏನು ಮಾಡಿದರೆ ಮುಂದೆ ಹೋಗುತ್ತಾನೆ?" ಎಂಬುದು ಪ್ರಶ್ನೆಯಾದರೆ ಬೇರೆ 29 ಮಕ್ಕಳನ್ನು ತಲಾ ಒಂದು ಸಲ ಪರೀಕ್ಷಿಸಿ ಪ್ರಯೋಜನವಿಲ್ಲ, ಇವನನ್ನೇ 24 ಸಲ ಪರೀಕ್ಷಿಸಬೇಕು. 30 ಎಂಬುದು ಸರಾಸರಿಗಳ ಹಂಚಿಕೆಯನ್ನು ಅಂದಾಜಿಸಲು ಸಂಖ್ಯಾಶಾಸ್ತ್ರದಲ್ಲಿ ಬಳಕೆಗೆ ಬಂದ ಒಂದು ಒರಟು ಗಡಿ. ವಿಜ್ಞಾನ ಹೌದೋ ಅಲ್ಲವೋ ಎಂದು ಹೇಳುವ ಅಧಿಕಾರ ಆ ಸಂಖ್ಯೆಗಿಲ್ಲ.

ಒಬ್ಬನಿಂದ ನಿಯಮ ಸಿಕ್ಕಿದ ಉದಾಹರಣೆಗಳು ಮನೋವಿಜ್ಞಾನದ ಬುಡದಲ್ಲೇ ಇವೆ. 1885ರಲ್ಲಿ ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಪ್ರಕಟಿಸಿದ ಮರೆವಿನ ರೇಖೆಗೆ (ಕಲಿತದ್ದು ಕಾಲ ಸರಿದಂತೆ ಎಷ್ಟು ಮರೆಯುತ್ತದೆಂದು ತೋರಿಸುವ ಗ್ರಾಫ್) ಇದ್ದ ಪ್ರಯೋಗವ್ಯಕ್ತಿ ಒಬ್ಬರೇ, ಸ್ವತಃ ಅವರು. ಸುಮಾರು 2,300 ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಯಾರಿಸಿಕೊಂಡು, ಪಟ್ಟಿ ಕಲಿತು, ಗೊತ್ತಾದ ಅವಧಿಯ ನಂತರ ಮತ್ತೆ ಕಲಿಯುವಾಗ ಎಷ್ಟು ಸಮಯ ಉಳಿತಾಯವಾಗುತ್ತದೆಂದು ಅಳೆದರು. 2015ರಲ್ಲಿ ಆಮ್‌ಸ್ಟರ್‌ಡಾಮಿನ ಸಂಶೋಧಕರು ಅದನ್ನು ಪುನಃ ಮಾಡಿದಾಗಲೂ ಕಲಿತದ್ದು ಒಬ್ಬ ವ್ಯಕ್ತಿಯೇ. ರೇಖೆ ಬಹುಮಟ್ಟಿಗೆ ಹೊಂದಿಕೆಯಾಯಿತು. ಇನ್ನೊಂದು, ಹೆನ್ರಿ ಮೊಲೈಸನ್ ಪ್ರಕರಣ. 1953ರಲ್ಲಿ ಅಪಸ್ಮಾರಕ್ಕಾಗಿ ಆದ ಮೆದುಳಿನ ಶಸ್ತ್ರಚಿಕಿತ್ಸೆಯ ನಂತರ ಅವರಿಗೆ ಹೊಸ ಘಟನೆಗಳ ನೆನಪು ಉಳಿಯುವುದು ನಿಂತಿತು. ಆದರೆ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ಎಳೆಯುವ ಕೆಲಸವನ್ನು ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಕೊಟ್ಟಾಗ ದಿನದಿಂದ ದಿನಕ್ಕೆ ಅವರ ಕೈ ಪಳಗಿತು. ಹಿಂದಿನ ದಿನ ಮಾಡಿದ್ದು ಮಾತ್ರ ನೆನಪಿಲ್ಲ. ನೆನಪು ಎಂಬುದು ಒಂದೇ ವ್ಯವಸ್ಥೆ ಎಂಬ ನಂಬಿಕೆ ಬಿದ್ದುಹೋಗಲು ಆ ಒಬ್ಬ ಮನುಷ್ಯ ದೊಡ್ಡ ಕಾರಣ. "ಎಲ್ಲರಲ್ಲೂ ಹೀಗೇ" ಎಂಬ ನಿಯಮವನ್ನು ಮುರಿಯಲು ಸರಿಯಾಗಿ ಅಳೆದ ಒಂದು ಪ್ರಕರಣ ಸಾಕು. "ಹೆಚ್ಚಿನವರಲ್ಲಿ ಹೀಗೆ" ಎಂಬ ನಿಯಮವನ್ನು ಮುರಿಯಲಾಗಲೀ, ಎಷ್ಟು ಮಂದಿಯಲ್ಲಿ ಎಂದು ಹೇಳಲಾಗಲೀ ಒಂದು ಪ್ರಕರಣದಿಂದ ಆಗುವುದಿಲ್ಲ.

ಇನ್ನು ಸರಾಸರಿ ಬೇಡವೆನ್ನುವವರ ಮಾತು. ಇಲ್ಲಿ ಅಮೆರಿಕದ ಮನೋವಿಜ್ಞಾನಿ ಪಾಲ್ ಮೀಲ್ ಅವರ 1954ರ ಕೆಲಸವನ್ನು ಮರೆಯಬಾರದು. ವ್ಯಕ್ತಿಯನ್ನು ಹತ್ತಿರದಿಂದ ಬಲ್ಲ ತಜ್ಞರ ಊಹೆಗಿಂತ, ಗುಂಪಿನ ಅಂಕಿ ಅಂಶಗಳಿಂದ ತೆಗೆದ ಸರಳ ಸೂತ್ರದ ಊಹೆ ಸಮವಾಗಿ ಅಥವಾ ಹೆಚ್ಚು ನಿಖರವಾಗಿ ಬರುತ್ತದೆ ಎಂದು ಅವರು ತೋರಿಸಿದರು. 2000ದಲ್ಲಿ 136 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗಲೂ ಸೂತ್ರದ್ದೇ ಮೇಲುಗೈ. "ನನಗೆ ಈ ಮಗು ಗೊತ್ತು" ಎಂಬ ಅನಿಸಿಕೆ ಬೇರೆ, ಆ ಮಗುವಿನ ಕುರಿತ ಅಳತೆ ಬೇರೆ. ಅಳತೆ ಇಲ್ಲದೆ ಇರುವಾಗ ಅದೇ ವಯಸ್ಸಿನ, ಅದೇ ಹಿನ್ನೆಲೆಯ ಮಕ್ಕಳ ಸರಾಸರಿಯೇ ನಿಮ್ಮ ಅತ್ಯುತ್ತಮ ಮೊದಲ ಊಹೆ.

ಅದೇ ಹಿನ್ನೆಲೆ ಎಂದದ್ದನ್ನು ಗಮನಿಸಿ. ಓದು ಕಲಿಯುವ ಬಗ್ಗೆ ನೀವು ಪಠ್ಯದಲ್ಲಿ ಓದುವ ನಿಯಮಗಳು ಹೆಚ್ಚಾಗಿ ಇಂಗ್ಲಿಷ್ ಮಕ್ಕಳಿಂದ ಬಂದವು. ಅಲ್ಲಿ ಕಲಿಯಬೇಕಾದ ಅಕ್ಷರ 26. ಕನ್ನಡದಲ್ಲಿ ಗುಣಿತ, ಒತ್ತು ಸೇರಿ ನೂರಾರು ರೂಪಗಳು. ಕನ್ನಡ ಓದುವ ಮಕ್ಕಳ ಮೇಲೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಕ್ಷರಜ್ಞಾನ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇತ್ತು. ನಿಮ್ಮ ಹುಡುಗ ಕನ್ನಡವನ್ನು ಮುಖ್ಯವಾಗಿ ಪಾಠದಲ್ಲೇ ಕೇಳುವವನು. ಹಾಗಾಗಿ ಕರ್ನಾಟಕದ ನಗರದ ಶಾಲೆಗಳಲ್ಲಿ ರೂಪಿಸಿದ ಓದಿನ ಪರೀಕ್ಷೆಯ ಮಾನದಂಡವನ್ನು ಇವನಿಗೆ ನೇರವಾಗಿ ಹೊಂದಿಸಬೇಡಿ. ಕಾಸರಗೋಡಿನ ಒಂದೇ ತರಗತಿಯಲ್ಲಿ ಮನೆಮಾತು ತುಳು, ಹವ್ಯಕ ಕನ್ನಡ, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಆಗಿರುವ ಮಕ್ಕಳಿರುತ್ತಾರೆ. "ಎಲ್ಲ ಮಕ್ಕಳು" ಮತ್ತು "ಈ ಒಂದು ಮಗು" ಇವೆರಡರ ನಡುವೆ "ಇಂಥ ಮಕ್ಕಳು" ಎಂಬ ಮೆಟ್ಟಿಲೊಂದಿದೆ. ಗಡಿನಾಡಿನಲ್ಲಿ ಕೆಲಸ ಮಾಡುವವರಿಗೆ ಅದೇ ಅತಿ ಮುಖ್ಯ. ಇಬ್ಬರು ಅಧ್ಯಾಪಕರ ಮಾತಿನಲ್ಲೂ ಅದಕ್ಕೆ ಜಾಗ ಸಿಕ್ಕಿಲ್ಲ.

ಈಗ ಈ ಚರ್ಚೆಯ ನಿಜವಾದ ಗಂಟು. ಜನರ ನಡುವಿನ ವ್ಯತ್ಯಾಸದಿಂದ ಸಿಕ್ಕ ನಿಯಮ ಒಬ್ಬ ವ್ಯಕ್ತಿಯ ಒಳಗೆ ನಡೆಯುವುದರ ನಿಯಮವೂ ಹೌದೆಂದು ಹೇಳಲಾಗದು. ತರಗತಿಯ ಎಲ್ಲ ಮಕ್ಕಳಿಂದ ಒಂದು ಪುಟ ಓದಿಸಿದರೆ, ಬೇಗ ಓದುವವರು ಕಡಿಮೆ ತಪ್ಪು ಮಾಡುತ್ತಾರೆ, ನಿಧಾನ ಓದುವವರು ಹೆಚ್ಚು ತಪ್ಪು ಮಾಡುತ್ತಾರೆ. ಅಭ್ಯಾಸ ಇದ್ದವರಿಗೆ ವೇಗವೂ ಇರುತ್ತದೆ, ನಿಖರತೆಯೂ ಇರುತ್ತದೆ. ಇದನ್ನು ನೋಡಿ ನಿಮ್ಮ ಹುಡುಗನಿಗೆ "ಬೇಗ ಓದು, ತಪ್ಪು ಕಡಿಮೆಯಾಗುತ್ತದೆ" ಎಂದರೆ ತಪ್ಪು ಹೆಚ್ಚಾಗುತ್ತದೆ. ಒಬ್ಬನೊಳಗೆ ವೇಗ ಮತ್ತು ತಪ್ಪಿನ ಸಂಬಂಧ ತಿರುಗುಮುರುಗು. ಎರಡೂ ನಿಯಮಗಳು ನಿಜ, ಎರಡೂ ಅಳತೆಗೆ ಸಿಗುವಂಥವು. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟಾಗ ಮಗುವಿಗೆ ಪೆಟ್ಟು ಬೀಳುತ್ತದೆ.

ಮನೋವಿಜ್ಞಾನಿ ಪೀಟರ್ ಮೋಲೆನಾರ್ 2004ರಲ್ಲಿ ಇದಕ್ಕೆ ಗಣಿತದ ಬುನಾದಿ ಕೊಟ್ಟರು. ಗುಂಪಿನ ಫಲಿತಾಂಶವನ್ನು ವ್ಯಕ್ತಿಗೆ ದಾಟಿಸಬೇಕಾದರೆ ಎರಡು ಷರತ್ತು: ಎಲ್ಲರಲ್ಲೂ ಪ್ರಕ್ರಿಯೆ ಒಂದೇ ರೀತಿಯದಾಗಿರಬೇಕು, ಕಾಲ ಸರಿದಂತೆ ಅದರ ಸರಾಸರಿ ಮತ್ತು ಏರಿಳಿತ ಬದಲಾಗಬಾರದು. ಕಲಿಕೆ ಎಂದರೇ ಬದಲಾವಣೆ. ಎರಡನೇ ಷರತ್ತು ಶಾಲೆಯ ಬಾಗಿಲಲ್ಲೇ ಮುರಿಯುತ್ತದೆ. 2018ರಲ್ಲಿ ಆರನ್ ಫಿಶರ್ ಮತ್ತು ಸಂಗಡಿಗರು, ಒಬ್ಬೊಬ್ಬರಿಂದಲೂ ಮತ್ತೆ ಮತ್ತೆ ಸಂಗ್ರಹಿಸಿದ ಆರು ದತ್ತಾಂಶ ಗುಚ್ಛಗಳನ್ನು ಪರಿಶೀಲಿಸಿದರು. ಸರಾಸರಿಗಳು ಹತ್ತಿರ ಹತ್ತಿರ ಇದ್ದವು, ಆದರೆ ವ್ಯಕ್ತಿಗಳೊಳಗಿನ ಚದುರುವಿಕೆ ಗುಂಪಿನ ಲೆಕ್ಕ ಹೇಳುವುದಕ್ಕಿಂತ ಎರಡರಿಂದ ನಾಲ್ಕು ಪಟ್ಟು ದೊಡ್ಡದಿತ್ತು. ಗುಂಪಿನ ಫಲಿತಾಂಶವನ್ನೇ ನಂಬಿ ವ್ಯಕ್ತಿಯ ಬಗ್ಗೆ ಹೇಳಿದರೆ ಇರುವುದಕ್ಕಿಂತ ಎಷ್ಟೋ ಹೆಚ್ಚು ಖಚಿತವಾಗಿ ಮಾತಾಡಿದಂತಾಗುತ್ತದೆ.

ಎರಡು ಲೆಕ್ಕ ಕೈಯಲ್ಲಿಟ್ಟುಕೊಳ್ಳಿ. ಹೊಸ ಬೋಧನಾ ವಿಧಾನ ಹಳೆಯದಕ್ಕಿಂತ ಅರ್ಧ ಪ್ರಮಾಣ ವಿಚಲನೆಯಷ್ಟು (ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದರ ಅಳತೆ) ಮೇಲು ಎಂದು ಒಂದು ಸಂಶೋಧನೆ ಹೇಳಿತೆನ್ನಿ; ಶಿಕ್ಷಣದಲ್ಲಿ ಇದು ಒಳ್ಳೆಯ ಫಲಿತಾಂಶ. ಅಂಕಗಳ ಹಂಚಿಕೆ ಗಂಟೆಯಾಕಾರದ ಸಾಮಾನ್ಯ ವಕ್ರರೇಖೆಯಂತಿದ್ದರೆ, ಹೊಸ ವಿಧಾನದ 100 ಮಕ್ಕಳಲ್ಲಿ ಸುಮಾರು 69 ಮಂದಿ ಹಳೆಯ ವಿಧಾನದ ಸರಾಸರಿಯನ್ನು ದಾಟುತ್ತಾರೆ, 31 ಮಂದಿ ಅದರ ಕೆಳಗೇ ಉಳಿಯುತ್ತಾರೆ. ನಿಮ್ಮ ಹುಡುಗ ಆ 31ರಲ್ಲಿ ಒಬ್ಬನೋ ಎಂದು ಸಂಶೋಧನಾ ಪ್ರಬಂಧ ಹೇಳುವುದಿಲ್ಲ. ಇನ್ನೊಂದು: ಪ್ರಮಾಣ ವಿಚಲನೆ 15, ವಿಶ್ವಾಸಾರ್ಹತೆ (ಮತ್ತೆ ಅಳೆದರೂ ಅಂಕ ಎಷ್ಟು ಸ್ಥಿರವಾಗಿರುತ್ತದೆ ಎಂಬುದು, ಗರಿಷ್ಠ 1) 0.90 ಇರುವ ಒಳ್ಳೆಯ ಪರೀಕ್ಷೆಯಲ್ಲೂ ಅಳತೆಯ ದೋಷ 15ನ್ನು 0.10ರ ವರ್ಗಮೂಲದಿಂದ ಗುಣಿಸಿದಷ್ಟು, ಅಂದರೆ 4.7. ಹುಡುಗನಿಗೆ 85 ಬಂದರೆ, ದೋಷದ ಎರಡು ಪಟ್ಟನ್ನು ಆಚೀಚೆ ಬಿಟ್ಟು, ಅದನ್ನು ಸುಮಾರು 76ರಿಂದ 94ರ ನಡುವೆ ಎಂದು ಓದಬೇಕು. ಎರಡು ಸಲ ಪರೀಕ್ಷಿಸಿ ಹೋಲಿಸಿದಾಗ ಎರಡೂ ಸಲದ ದೋಷ ಸೇರುವುದರಿಂದ 13 ಅಂಕಕ್ಕಿಂತ ಕಡಿಮೆ ಏರಿಕೆಯನ್ನು ಸುಧಾರಣೆ ಎನ್ನುವಂತಿಲ್ಲ. ಮೊದಲು ಒಂದು, ಕೊನೆಗೆ ಒಂದು ಪರೀಕ್ಷೆ ಮಾಡಿ "ಪ್ರಗತಿ ಕಂಡುಬಂದಿದೆ" ಎಂದು ಬರೆಯುವ ಕೇಸ್ ಸ್ಟಡಿಗಳು ಬೀಳುವುದು ಇಲ್ಲೇ.

ಈ ಮಾತನ್ನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ತಂದೆಯ ಉದ್ಯೋಗ, ಕುಟುಂಬದ ಆದಾಯ, ಒಡಹುಟ್ಟಿದವರ ಸಂಖ್ಯೆ, ಹವ್ಯಾಸ, ಕೊನೆಗೆ "ಕಾರಣ: ಆಸಕ್ತಿಯ ಕೊರತೆ, ಪರಿಹಾರ: ಪ್ರೋತ್ಸಾಹ" ಎಂದು ಫಾರ್ಮ್ ತುಂಬಿಸಿದ ದಾಖಲೆ ಇಡಿಯೋಗ್ರಾಫಿಕ್ ಅಧ್ಯಯನವಲ್ಲ. ಅದರಲ್ಲಿ ನಿಯಮವೂ ಇಲ್ಲ, ಮಗುವೂ ಇಲ್ಲ. ಒಬ್ಬನ ಅಧ್ಯಯನ ಎಂದರೆ ಸಡಿಲ ಅಧ್ಯಯನ ಎಂಬ ತಾತ್ಸಾರ ಹುಟ್ಟಿದ್ದೇ ಇಂಥ ದಾಖಲೆಗಳಿಂದ.

ನೀವು ಮಾಡಬಹುದಾದದ್ದು ಹೀಗೆ. ಪಾಠ ಕೊಟ್ಟು, ನಿಲ್ಲಿಸಿ, ಮತ್ತೆ ಕೊಟ್ಟು ನೋಡುವ ವಿನ್ಯಾಸ ಓದಿಗೆ ಹೊಂದದು, ಕಲಿತದ್ದು ಪಾಠ ನಿಲ್ಲಿಸಿದ ಕೂಡಲೇ ಹೋಗುವುದಿಲ್ಲ. ಮಲ್ಟಿಪಲ್ ಬೇಸ್‌ಲೈನ್ ಎಂಬ ವಿನ್ಯಾಸ ಹೊಂದುತ್ತದೆ: ಹಲವು ಪದಗುಂಪುಗಳನ್ನು ಒಟ್ಟಿಗೆ ಅಳೆಯುತ್ತ, ಪಾಠವನ್ನು ಒಂದೊಂದಕ್ಕೆ ಬೇರೆ ಬೇರೆ ವಾರದಲ್ಲಿ ಶುರುಮಾಡುವುದು. ಕನ್ನಡದಲ್ಲಿ ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲಾಕ್ಷರಕ್ಕಿಂತ ಬೇರೆ ಆಕಾರದಲ್ಲಿರುತ್ತದೆ, ಒಂದನ್ನು ಕಲಿತರೆ ಇನ್ನೊಂದನ್ನು ಊಹಿಸಲಾಗದು. ಇವನ್ನು ಮೂರು ಜೋಡಿ ಮಾಡಿ: ಯ-ರ ಒತ್ತು (ವಾಕ್ಯ, ಚಕ್ರ), ತ-ನ ಒತ್ತು (ಪುಸ್ತಕ, ರತ್ನ), ಮ-ಲ ಒತ್ತು (ಜನ್ಮ, ಶುಕ್ಲ). ಜೋಡಿಗೆ 30 ಪದ ಹೊಂದಿಸಿ; 10 ಪದ ಕಲಿಸಲು, 20 ಪದ ಪರೀಕ್ಷೆಗೆ. "ಪ್ರಯತ್ನ"ದಂಥ ಪದ ಬೇಡ, ಅದರಲ್ಲಿ ಎರಡು ಜೋಡಿಯ ಒತ್ತುಗಳಿವೆ. "ಅಮ್ಮ" ಕೂಡ ಬೇಡ, ಒತ್ತು ಓದದೆಯೇ ಆಕಾರ ನೋಡಿ ಹೇಳಿಬಿಡುತ್ತಾನೆ. ಪದಗಳ ಉದ್ದ ಮೂರೂ ಜೋಡಿಯಲ್ಲಿ ಸಮನಾಗಿರಲಿ.

ಎಂಟು ವಾರ, ವಾರಕ್ಕೆ ಮೂರು ದಿನ ಪರೀಕ್ಷೆ, ಒಟ್ಟು 24. ಪ್ರತಿ ಸಲ ಪ್ರತಿ ಜೋಡಿಯ 20 ಪದಗಳಿಂದ 10ನ್ನು ಚೀಟಿ ಎತ್ತಿ ಆರಿಸಿ, ಮೂರೂ ಜೋಡಿಯ ಪದಗಳನ್ನು ಕಲಸಿ, ಕಾರ್ಡಿನಲ್ಲಿ ಒಂದೊಂದಾಗಿ ತೋರಿಸಿ. ಸರಿ, ತಪ್ಪು ಎಂದು ಆಗ ಹೇಳಬೇಡಿ. ಮೊದಲ ಎರಡು ವಾರ ಯಾವುದನ್ನೂ ಕಲಿಸಬೇಡಿ, ಇದು ಬೇಸ್‌ಲೈನ್, ಅಂದರೆ ಪಾಠಕ್ಕೆ ಮೊದಲಿನ ಮಟ್ಟ. ಮೂರನೇ ವಾರದಿಂದ ಮೊದಲ ಜೋಡಿಯನ್ನು ಮಾತ್ರ ದಿನಕ್ಕೆ 15 ನಿಮಿಷ ಕಲಿಸಿ. ಐದನೇ ವಾರ ಎರಡನೇ ಜೋಡಿ, ಏಳನೇ ವಾರ ಮೂರನೆಯದು. ಪರೀಕ್ಷೆ ಆ ದಿನದ ಪಾಠಕ್ಕಿಂತ ಮೊದಲೇ ಆಗಬೇಕು. ಪಾಠದ ನಂತರ ಪರೀಕ್ಷಿಸಿದರೆ ಹತ್ತು ನಿಮಿಷದ ನೆನಪನ್ನು ಅಳೆದಂತೆ. ಯಾವುದೇ ಹಂತದಲ್ಲಿ ಐದಕ್ಕಿಂತ ಕಡಿಮೆ ಬಿಂದುಗಳಿದ್ದರೆ ಆ ಹಂತದ ಬಗ್ಗೆ ಏನೂ ಹೇಳಲಾಗದು. ಜೂನ್-ಜುಲೈಯಲ್ಲಿ ಮಳೆಗೆ ಜಿಲ್ಲಾಧಿಕಾರಿಯವರ ರಜೆ ಬರುತ್ತದೆ, ಆಮೇಲೆ ಓಣಂ ರಜೆ. ಎಂಟು ವಾರ ತುಂಡಾಗದ ಅವಧಿಯನ್ನು ಮೊದಲೇ ನೋಡಿಕೊಳ್ಳಿ.

ಯಾವುದು ತಪ್ಪು ಎಂಬ ನಿಯಮವನ್ನು ಮೊದಲ ಪರೀಕ್ಷೆಗಿಂತ ಮುಂಚೆ ಬರೆದಿಡಿ. ಮಹಾಪ್ರಾಣವನ್ನು ಅಲ್ಪಪ್ರಾಣವಾಗಿ ಹೇಳಿದರೆ ಅದು ಉಚ್ಚಾರದ ರೂಢಿ, ಓದಿನ ತಪ್ಪೆಂದು ಎಣಿಸಬೇಡಿ. ಒತ್ತು ಬಿಟ್ಟು ಓದಿದರೆ, ಬೇರೆ ಒತ್ತು ಹಾಕಿದರೆ, 5 ಸೆಕೆಂಡಿನಲ್ಲಿ ಹೇಳದಿದ್ದರೆ ತಪ್ಪು. ಈ ಮೂರನ್ನೂ ಬೇರೆ ಬೇರೆ ಗುರುತಿಸಿ. ಪದ ಓದಿದ ಮೇಲೆ ಅರ್ಥ ಕೇಳಿ, ಅದನ್ನು ಇನ್ನೊಂದು ಕಾಲಂನಲ್ಲಿ ಬರೆಯಿರಿ. ಅರ್ಥ ತಿಳಿಯದೆ ತಡವರಿಸುವುದು, ಆಕಾರ ತಿಳಿಯದೆ ನಿಲ್ಲುವುದು ಎರಡು ಬೇರೆ ತೊಂದರೆ. ತುಳು ಮನೆಯ ಹುಡುಗನಲ್ಲಿ ಇವೆರಡನ್ನೂ ಬೆರೆಸಿಬಿಟ್ಟರೆ ಇಡೀ ಶ್ರಮ ವ್ಯರ್ಥ. ಐದರಲ್ಲಿ ಒಂದು ಪರೀಕ್ಷೆಯನ್ನಾದರೂ ಸಹಪಾಠಿಯೊಬ್ಬರು ನಿಮ್ಮ ಜೊತೆ, ನಿಮ್ಮ ಹಾಳೆ ನೋಡದೆ ಅಂಕ ಹಾಕಲಿ. ಇಬ್ಬರ ಹೊಂದಾಣಿಕೆ ಶೇ. 80ಕ್ಕಿಂತ ಕಡಿಮೆಯಾದರೆ ನಿಯಮವೇ ಅಸ್ಪಷ್ಟವಾಗಿದೆ ಎಂದು ಅರ್ಥ. ಹಿಂದಿನ ರಾತ್ರಿ ಕೋಲ, ಯಕ್ಷಗಾನ ಎಂದು ನಿದ್ದೆಗೆಟ್ಟಿದ್ದನೇ, ಜ್ವರವಿತ್ತೇ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ.

ಅಂಕಗಳನ್ನು ಗ್ರಾಫ್ ಹಾಳೆಯಲ್ಲಿ ಒಂದರ ಕೆಳಗೊಂದು ಮೂರು ರೇಖೆಗಳಾಗಿ ಹಾಕಿ. ಪ್ರತಿಯೊಂದೂ ತನ್ನ ಪಾಠ ಶುರುವಾದ ಮೇಲೆಯೇ, ಅಲ್ಲಿಯವರೆಗೆ ಸಪಾಟಾಗಿದ್ದು, ಏರಿದರೆ ಕಾರಣ ಪಾಠವೇ ಎಂದು ಹೇಳುವ ಬಲ ಬರುತ್ತದೆ. ಬೇರೆ ಕಾರಣವಿದ್ದರೆ ಅದು ಮೂರು ಸಲವೂ ನಿಮ್ಮ ವೇಳಾಪಟ್ಟಿಯನ್ನೇ ಹಿಡಿದು ಬರುವುದು ಅಸಂಭವ. ಬೇಸ್‌ಲೈನ್ ಆಗಲೇ ಏರುತ್ತಿದ್ದರೆ ಪಾಠ ಶುರುಮಾಡಬೇಡಿ, ಸ್ಥಿರವಾಗುವವರೆಗೆ ಕಾಯಿರಿ. ಕಲಿಸದ ಮೂರನೇ ಜೋಡಿಯೂ ನಾಲ್ಕನೇ ವಾರದಲ್ಲೇ ಏರಿದರೆ? ಪರೀಕ್ಷೆಯೇ ಅಭ್ಯಾಸವಾಗಿರಬಹುದು, ಮನೆಯಲ್ಲಿ ಅಕ್ಕ ಹೇಳಿಕೊಡುತ್ತಿರಬಹುದು, "ಕೆಳಗಿನ ಗುರುತನ್ನು ನೋಡಬೇಕು" ಎಂಬ ಒಟ್ಟು ಎಚ್ಚರ ಬಂದಿರಬಹುದು. ವಿಚಾರಿಸಿ, ಕಂಡದ್ದನ್ನು ಹಾಗೆಯೇ ವರದಿ ಮಾಡಿ. ಪಾಠದಿಂದಲೇ ಆಯಿತು ಎಂದು ಬರೆಯಬೇಡಿ. ಈ ಅಂಕಗಳಿಗೆ ಟಿ-ಪರೀಕ್ಷೆ (ಎರಡು ಸರಾಸರಿಗಳ ವ್ಯತ್ಯಾಸ ಆಕಸ್ಮಿಕವೇ ಎಂದು ನೋಡುವ ಲೆಕ್ಕ) ಹಚ್ಚಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ಲೆಕ್ಕ ಪ್ರತಿ ಅಂಕವೂ ಸ್ವತಂತ್ರ ಎಂದು ಊಹಿಸುತ್ತದೆ. ಒಬ್ಬನೇ ಹುಡುಗನ ಇಂದಿನ ಅಂಕ ಮೊನ್ನೆಯದನ್ನು ಹೋಲುತ್ತದೆ. ಹಂತ ಹಂತದ ಮಧ್ಯಾಂಕ (ಅಂಕಗಳನ್ನು ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಅಂಕ) ಕೊಡಿ, ಬೇಸ್‌ಲೈನಿನ ಅತಿ ಹೆಚ್ಚಿನ ಅಂಕವನ್ನು ಪಾಠದ ಹಂತದ ಎಷ್ಟು ಬಿಂದುಗಳು ದಾಟಿದವೆಂದು ಶೇಕಡಾದಲ್ಲಿ ಹೇಳಿ. ಬೇಸ್‌ಲೈನಿನಲ್ಲಿ ಒಂದೇ ದಿನ ಆಕಸ್ಮಿಕವಾಗಿ 10ಕ್ಕೆ 9 ಬಂದಿದ್ದರೆ ಈ ಶೇಕಡಾ ಕೈಕೊಡುತ್ತದೆ, ಆಗ ಮಧ್ಯಾಂಕವೇ ನಂಬಿಗಸ್ತ.

ಕೊನೆಗೆ ನೀವು ಬರೆಯಬಹುದಾದ ತೀರ್ಮಾನ: ಈ ಹುಡುಗನಲ್ಲಿ, ಈ ಆರು ಒತ್ತುಗಳಿಗೆ, ಈ ಪಾಠದಿಂದ ಇಷ್ಟು ಬದಲಾವಣೆ. ತುಳು ಮನೆಮಾತಿನ ಮಕ್ಕಳಿಗೆಲ್ಲ ಹೀಗೆ ಎಂದು ಬರೆಯಲಾಗದು. ಅಲ್ಲಿಗೆ ಹೋಗುವ ದಾರಿ ಇದೆ: ಇದೇ ಪದಪಟ್ಟಿ, ಇದೇ ವೇಳಾಪಟ್ಟಿ ಇಟ್ಟುಕೊಂಡು ನಿಮ್ಮ ಸಹಪಾಠಿಗಳು ಇನ್ನೊಬ್ಬ ತುಳು ಮನೆಯ ಮಗು, ಒಬ್ಬ ಹವ್ಯಕ ಕನ್ನಡದ ಮಗು, ಒಬ್ಬ ಬ್ಯಾರಿ ಮನೆಯ ಮಗುವಿನೊಂದಿಗೆ ಮಾಡಲಿ. ಎಲ್ಲಿ ಅದೇ ಫಲಿತಾಂಶ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದರಿಂದ ನಿಯಮದ ಗಡಿ ಗೊತ್ತಾಗುತ್ತದೆ. ಒಬ್ಬೊಬ್ಬರಾಗಿ ಕಟ್ಟಿದ ಇಂಥ ನಿಯಮ 30 ಬೆರಕೆ ಅಂಕಗಳ ಸರಾಸರಿಗಿಂತ ಹೆಚ್ಚು ಗಟ್ಟಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಎಂಟು ವಾರ ಮುಗಿದರೂ ರೇಖೆ ಕದಲದಿದ್ದರೆ ತೊಂದರೆಗೆ ಹೆಸರು ಹಚ್ಚುವ ಕೆಲಸ ನಿಮ್ಮದಲ್ಲ. ನಿರ್ದಿಷ್ಟ ಕಲಿಕಾ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿದೆ, ಅದರ ಪ್ರಮಾಣಪತ್ರಕ್ಕೆ ಬೇರೆ ತಜ್ಞರಿದ್ದಾರೆ. ಮುಖ್ಯೋಪಾಧ್ಯಾಯರ ಮೂಲಕ ಕಳುಹಿಸಿ, ನಿಮ್ಮ ಗ್ರಾಫನ್ನು ಜೊತೆಗೆ ಕೊಡಿ. ಶುರುಮಾಡುವ ಮೊದಲು ಹೆತ್ತವರ ಒಪ್ಪಿಗೆಯನ್ನು ಅವರ ಭಾಷೆಯಲ್ಲೇ ವಿವರಿಸಿ ಪಡೆಯಿರಿ, ಹುಡುಗನನ್ನೂ ಕೇಳಿ. ವರದಿಯಲ್ಲಿ ಹೆಸರು ತೆಗೆದರೆ ಸಾಲದು. ನಮ್ಮಂಥ ಊರಿನಲ್ಲಿ "ಎಂಟನೇ ತರಗತಿ, ಇಂಥ ವಾರ್ಡ್, ತಂದೆಗೆ ಅಂಗಡಿ" ಎಂದರೆ ಯಾರೆಂದು ಇಡೀ ಪಂಚಾಯತಿಗೆ ಗೊತ್ತಾಗುತ್ತದೆ. ಮನೆಮಾತು, ತರಗತಿ, ಕಲಿಕೆಯ ವಿವರ ಇಟ್ಟುಕೊಂಡು ಉಳಿದದ್ದನ್ನು ಬಿಡಿ.